ತಳದವರಿಗೊಂದು ದೀಪ

ನಮ್ಮಪ್ಪನಿಗೆ ಕರುಣೆ ಜಾಸ್ತಿ. ಸೊಳ್ಳೆ ಕಚ್ಚಿದರೆ ಕೈ ಅಲ್ಲಾಡಿಸುವುದಿಲ್ಲ. ಅದು ಹೊಟ್ಟೆ ಬಿರಿಯೆ ಕುಡಿದು ಹಾರಲಾಗದೆ ಕೂತರೆ ಹಾಗೇ ಕಿಟಕಿಯವರೆಗೆ ನಡೆದು ಬಿಟ್ಟು ಬರುತ್ತಾರೆ. ಒಮ್ಮೆ ಅದು ತಿರುಗಿ ಬಂದು ಥ್ಯಾಂಕ್ಸ್ ಹೇಳಿತು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಇಂಥವರ ಕೈಗೆ ನನ್ನ ಹೆಂಡತಿ ತನ್ನ ಗಾಜಿನ ತೊಟ್ಟಿ ಒಪ್ಪಿಸಿ ಎರಡು ದಿನ ಕೆಲಸದ ಮೇಲೆ ಹೊರಗೆ ಹೋದಳು. ಅವಳು ಸೂಕ್ಷ್ಮಜೀವಿಗಳನ್ನು ಓದಿದವಳು. ಪ್ರಯೋಗಾಲಯದ ಸೂರು ರಿಪೇರಿಯಲ್ಲಿದ್ದುದರಿಂದ, ಉಪ್ಪು ಬೆಳೆಯುವ ಮಡಿಯ ತಳದಿಂದ ಕೊಯ್ದು ತಂದ ಜೀವಾಣುಗಳ ಚಾಪೆ ನಮ್ಮ ನಡುಮನೆಯ ಕಿಟಕಿ ಪಕ್ಕ ಮಲಗಿತ್ತು. ಬೆರಳು ದಪ್ಪದ ಚಾಪೆ. ಗಾಜಿನ ಬದಿಯಿಂದ ನೋಡಿದರೆ ಮೇಲೆ ಹಸಿರು ಗೆರೆ, ಅದರಡಿ ನೇರಳೆ, ತಳದಲ್ಲಿ ಇದ್ದಿಲಿನಂಥ ಕಪ್ಪು. ಅದರೊಳಗೆ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆಂದು ಅಳೆಯುವ ಯಂತ್ರ ಬೇರೆಯವರದು. ಒಂದೇ ದಿನಕ್ಕೆ ಎರವಲು ಸಿಕ್ಕಿತ್ತು. ಅವಳು ಬಂದ ಮರುದಿನವೇ ಅಳತೆ. ಅದು ತಪ್ಪಿದರೆ ವರ್ಷದ ಕೆಲಸ ಮಣ್ಣುಪಾಲು.

"ನೀರು ಕಮ್ಮಿಯಾದ್ರೆ ಹಾಕಿ, ಅಷ್ಟೇ ಮಾವ," ಎಂದಿದ್ದಳು. "ಮೇಲಿನ ಹಸಿರಿನವರು ಬೆಳಕು ತಿಂತಾರೆ. ಮಿಕ್ಕಿದ್ದು ನೇರಳೆಯವರಿಗೆ. ತಳದವರಿಗೆ ಏನೂ ಸಿಗಲ್ಲ."

ಅಷ್ಟು ಬಿಡಿಸಿ ಹೇಳಬಾರದಿತ್ತು. ಅಪ್ಪ ಏಳು ಮಕ್ಕಳಲ್ಲಿ ಕೊನೆಯವರು. ಅಣ್ಣಂದಿರ ಅಂಗಿ ಅವರ ಪಾಲಿಗೆ ಬರುವ ಹೊತ್ತಿಗೆ ಅದರಲ್ಲಿ ಗುಂಡಿಯ ತೂತುಗಳು ಮಾತ್ರ ಉಳಿದಿರುತ್ತಿದ್ದವು.

ಹೆಂಡತಿ ಬಂದು ನೋಡಿದಾಗ ತೊಟ್ಟಿಯ ಪಕ್ಕ, ಚಾಪೆಯ ತಳಕ್ಕೆ ಸರಿಯಾಗಿ, ಅಪ್ಪನ ಟೇಬಲ್ ಲ್ಯಾಂಪು ಉರಿಯುತ್ತಿತ್ತು.

"ಮಾವ, ಇದೇನು?"

"ತಳದವರಿಗೆ ಅಂತ ಇಟ್ಟೆ ಕಣಮ್ಮ," ಅಪ್ಪ ನೆಲ ನೋಡುತ್ತಾ ಹೇಳಿದರು. "ಆ ಹಸಿರಿನವರು ಅಲ್ಲಿಗೂ ಬಂದುಬಿಟ್ರು. ನಾಚ್ಕೆ ಅನ್ನೋದೇ ಇಲ್ಲ."

ನಿಜವೇ. ಹಸಿರು ಎಳೆಗಳು ಗಾಜಿನ ಗೋಡೆ ಹಿಡಿದು ಇಳಿದು, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರಂತೆ ಕಪ್ಪಿನ ಮುಂದೆ ಕೂತಿದ್ದವು. ಮೇಲಿನ ಜಾಗವನ್ನೂ ಬಿಟ್ಟುಕೊಟ್ಟಿರಲಿಲ್ಲ.

ಹೆಂಡತಿ ಕುರ್ಚಿಯಲ್ಲಿ ಕುಸಿದಳು. ಹಸಿರಿನವರಲ್ಲಿ ಒಂದಿಬ್ಬರು ಏಣಿ ಹಾಕಿಕೊಂಡು ಇಳಿದದ್ದನ್ನು ನಾನೇ ಕಂಡೆ ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

"ಇನ್ಮೇಲೆ ಇದರ ಹತ್ರ ಸುಳಿಯಲ್ಲ ತಾಯಿ," ಎಂದರು ಅಪ್ಪ. ಎರಡು ದಿನವೂ ಅವರು ತಟ್ಟೆ ಹಿಡಿದು ಅದರ ಮುಂದೆಯೇ ಊಟ ಮಾಡಿದ್ದರು.

ಅವಳು ಎದ್ದು ಚೂರಿ ತಂದು ದೀಪದ ಕಡೆಗಿದ್ದ ಚಾಪೆಯ ಅಂಚನ್ನು ತೆಳ್ಳಗೆ ಕೊಯ್ದಳು. ಹಸಿರಿನ ಬೆನ್ನಿಗೇ ಕಪ್ಪು, ಮೊದಲಿದ್ದ ಹಾಗೇ.

"ನಿಮ್ಮ ದೀಪ ಉಗುರಿನಷ್ಟೂ ಒಳಗೆ ಹೋಗಿಲ್ಲ ಮಾವ," ಅವಳ ದನಿ ಮೆತ್ತಗಾಯಿತು. "ತೊಟ್ಟಿ ನಡುವೆ ಇರೋರಿಗೆ ಗೊತ್ತೇ ಆಗಿಲ್ಲ. ಅಲ್ಲೇ ಅಳೆಯೋಣ."

ಬೆಳಿಗ್ಗೆ ಯಂತ್ರ ಬಂತು. ಕೂದಲಿಗಿಂತ ಸಪೂರವಾದ ಗಾಜಿನ ಸೂಜಿ, ಅದನ್ನು ಇಳಿಸಲು ಒಂದು ತಿರುಪು. ಅವಳು ಪರದೆ ನೋಡಬೇಕು, ಇನ್ನೊಬ್ಬರು ತಿರುಗಿಸಬೇಕು. ನಾನು ಅಂಗಿಯ ತೋಳು ಮಡಚಿದೆ.

"ನೀವು ಬೇಡ. ಮಾತಾಡ್ತಾ ತಿರುಗಿಸ್ತೀರ. ಮಾವ, ಬನ್ನಿ."

"ನಾನಾ?"

"ನೀವೇ."

ಅಪ್ಪ ಕೈ ತೊಳೆದುಕೊಂಡು ಬಂದರು. ಸೂಜಿ ಹಸಿರನ್ನು ದಾಟಿತು.

"ಬೆಳಕು ಮುಗೀತಾ?"

"ನಮ್ಮ ಕಣ್ಣಿಗೆ ಕಾಣೋದು ಮುಗೀತು. ಕಾಣದ್ದು ಒಂದಿದೆ, ಇಳೀತಾನೇ ಇದೆ ನೋಡಿ. ಹಸಿರಿನವರು ಇದನ್ನ ಮುಟ್ಟಲ್ಲ. ನೇರಳೆಯವರ ಊಟ ಇದೇ. ಅವತ್ತು ನಾನೇ ಸರಿಯಾಗಿ ಹೇಳಲಿಲ್ಲ."

"ಅಂದ್ರೆ ಮಿಕ್ಕಿದ್ದಲ್ಲ?"

"ಅಲ್ಲ ಮಾವ. ಅವರದ್ದೇ."

"ತಳದವರು?"

"ಮೇಲಿಂದ ಉದುರಿದ್ದು ತಿಂದ್ಕೊಂಡು ಕತ್ತಲಲ್ಲಿ ಹಾಯಾಗಿದ್ದಾರೆ. ನೀವು ನಿದ್ದೆ ಕೆಡಿಸೋಕೆ ಹೋಗಿದ್ರಿ."

ಅಪ್ಪ ತೊಟ್ಟಿಯ ಕಡೆ ಬಾಗಿ, "ಸಾರಿ ಕಣ್ರಪ್ಪ," ಎಂದರು. ಆಮೇಲೆ ಕೂದಲೆಳೆ ಕೂದಲೆಳೆಯಾಗಿ ತಿರುಪು ತಿರುಗಿಸತೊಡಗಿದರು. ಮುಖ ಕೆಂಪೇರುತ್ತಾ ಬಂತು.

"ಮಾವ, ಉಸಿರಾಡಿ."

"ಕೈ ಅಲುಗಿಬಿಟ್ರೆ?"

"ಅಲುಗಿದ್ರೆ ಮತ್ತೆ ಶುರು ಮಾಡೋಣ. ಮೊದಲು ಉಸಿರಾಡಿ."