ಹೆಸರು ಹೇಳದ ಸಿನಿಮಾ

ಬಲಗೆನ್ನೆ ಮುಗಿದಿತ್ತು, ಇನ್ನು ಎಡಗೆನ್ನೆಗೆ ರೇಜರ್ ತಾಗಿಸಬೇಕು ಎನ್ನುವಷ್ಟರಲ್ಲಿ ಕನ್ನಡಿಯ ಅಂಚಿನಲ್ಲಿ ಹೆಂಡತಿ ಕಾಣಿಸಿಕೊಂಡಳು. ಬಚ್ಚಲಿನ ಬಾಗಿಲಿಗೆ ಒರಗಿ ನಿಂತು, ಇವನ ಬೆನ್ನಿಗಲ್ಲ, ಕನ್ನಡಿಯಲ್ಲಿದ್ದವನಿಗೆ ಹೇಳಿದಳು.

“ಸಂಜೆ ಬಸ್ಸಿಗೆ ಅಕ್ಕನ ಮನೆಗೆ ಹೋಗ್ತಿದೀನಿ. ಈ ಸಲ ವಾಪಸ್ ಬರೋ ಹಾಗೆ ಹೋಗ್ತಿಲ್ಲ.”

ಬಾಯಿಯ ಸುತ್ತ ಸೋಪಿನ ನೊರೆಯಿತ್ತು. ಸುಮ್ಮನಿರಲು ಅದೊಂದು ನೆಪವಾಯಿತು.

“ಬೇಡ ಅನ್ನೋದಾದ್ರೆ ಅನ್ನಿ. ಕಾರಣ ಗೀರಣ ಏನೂ ಬೇಡ. ಒಂದು ಮಾತು ಸಾಕು, ಇರ್ತೀನಿ.”

ಅವನು ರೇಜರನ್ನು ನೀರಿನಲ್ಲಿ ಅದ್ದಿ ಅಲ್ಲಾಡಿಸಿದ. “ಇವತ್ತು ಭಾನುವಾರ ಅಲ್ವಾ,” ಎಂದ.

“ಗೊತ್ತು. ನಿಮ್ಮ ಸಿನಿಮಾದವರ ಹತ್ರ ಹೋಗ್ಬನ್ನಿ. ನಾನು ಹೊರಡೋದ್ರೊಳಗೆ ಬಂದ್ರೆ ಆಯ್ತು.”

ಕನ್ನಡಿಯಿಂದ ಅವಳು ಸರಿದುಹೋದಳು. ಈ ದೃಶ್ಯವನ್ನು ಅವನು ಎಷ್ಟೋ ಚಿತ್ರಗಳಲ್ಲಿ ನೋಡಿದ್ದ. ನಾಯಕ ಮುಖ ತೊಳೆದು ತಲೆಯೆತ್ತಿದರೆ ಹಿಂದೆ ಯಾರೋ ನಿಂತಿರುತ್ತಾರೆ, ತಿರುಗಿದರೆ ಇರುವುದಿಲ್ಲ. ತೀರಾ ಹಳಸಲು ತಂತ್ರ ಎಂದು ಅದರ ಮೇಲೆ ಒಂದು ಮಧ್ಯಾಹ್ನವಿಡೀ ಮಾತಾಡಿದ್ದ. ಎಡಗೆನ್ನೆಯನ್ನೂ ನಿಧಾನವಾಗಿ ಮುಗಿಸಿದ. ಎಲ್ಲೂ ಗಾಯವಾಗಲಿಲ್ಲ ಎಂಬುದಕ್ಕೆ ಅವನಿಗೇ ಸ್ವಲ್ಪ ನಾಚಿಕೆಯಾಯಿತು.

ಅವನು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ. ತರಗತಿಯಲ್ಲಿ ಮಾತಿಗೆ ಬರವಿರಲಿಲ್ಲ. ಸಿನಿಮಾ ನೋಡಿ ಹರಟುವ ಭಾನುವಾರದ ಗುಂಪಿನಲ್ಲಂತೂ ಅವನನ್ನು ತಡೆಯುವುದೇ ಕಷ್ಟ. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಮಾತು ಮನೆ ಕೆಡಿಸಿತು ಎಂಬ ಗಾದೆಯನ್ನು ನಂಬಿ ಅವನು ಮನೆಯನ್ನು ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಬಿಡೋಣ ಎಂದುಕೊಂಡ. ಅವಳು ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಅವನು ಕುಡಿದ. ಆಮೇಲೆ ಚಪ್ಪಲಿ ಮೆಟ್ಟಿ ಹೊರಟ.

ಗುಂಪು ಸೇರುತ್ತಿದ್ದುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಭಾನುವಾರ ರೋಗಿಗಳಿಗೆ ರಜೆ. ಡಾಕ್ಟರು ಬಾಗಿಲ ಬೋರ್ಡನ್ನು ತಿರುಗಿಸಿ, ಪರದೆ ಎಳೆದು, ಬಿಳಿ ಗೋಡೆಯ ಮೇಲೆ ಚಿತ್ರ ಬಿಡುತ್ತಿದ್ದರು. ಕಾಯುವ ಕೋಣೆಯ ಕುರ್ಚಿಗಳೇ ಪ್ರೇಕ್ಷಕರ ಕುರ್ಚಿಗಳು. ಲವಂಗದೆಣ್ಣೆಯ ವಾಸನೆ ಇಲ್ಲದೆ ದೆವ್ವದ ಸಿನಿಮಾ ನೋಡುವುದು ಹೇಗೆಂಬುದೇ ಅವರಿಗೆಲ್ಲ ಈಗ ಮರೆತುಹೋಗಿತ್ತು.

ಅವನು ಒಳಗೆ ಬಂದಾಗ ಜಗಳ ಕಾವೇರಿತ್ತು.

“ತೋರಿಸ್ಲೇಬೇಕು ರೀ,” ಎನ್ನುತ್ತಿದ್ದರು ವಿಮೆಯವರು. ಜಖಂ ಆದ ಕಾರುಗಳನ್ನು ನೋಡಿ ವರದಿ ಬರೆಯುವ ಕೆಲಸ ಅವರದು. ಬೇರೆ ಗ್ರಹದ ಪ್ರಾಣಿಗಳೆಂದರೆ ಪ್ರಾಣ. “ಎರಡು ಗಂಟೆ ಬಾಗಿಲ ಸಂದಿ ತೋರ್ಸಿ, ಬರೀ ನೆರಳು ಆಡ್ಸಿ, ಕೊನೇಗೂ ಪ್ರಾಣೀನ ತೋರಿಸ್ಲಿಲ್ಲ ಅಂದ್ರೆ ಅದು ಮೋಸ.”

“ತೋರಿಸಿದ್ರೆ ಮುಗೀತು,” ಎಂದರು ಹೆಡ್‌ಮಿಸ್. ಅವರು ಶಾಲೆಯಿಂದ ನಿವೃತ್ತರಾಗಿದ್ದರು, ಗಂಡ ತೀರಿಕೊಂಡಿದ್ದರು. ಎಂಥ ರಕ್ತಪಾತದ ದೃಶ್ಯದಲ್ಲೂ ಅವರ ಕೈಯ ಉಲ್ಲನ್ ಹೆಣಿಗೆ ನಿಲ್ಲುತ್ತಿರಲಿಲ್ಲ. “ತೋರಿಸಿದ ಕೂಡ್ಲೆ ವೇಷದ ರಬ್ಬರ್ ಕಾಣುತ್ತೆ. ಕಾಣದೆ ಇದ್ರೇನೇ ಭಯ.”

“ನನ್ನ ಪೇಷೆಂಟ್‌ಗಳೂ ಹಾಗೇ,” ಎಂದರು ಡಾಕ್ಟರು. “ಡ್ರಿಲ್ ನೋಡಿ ಹೆದರಲ್ಲ. ಸದ್ದು ಕೇಳಿ ಹೆದರ್ತಾರೆ. ಬನ್ನಿ ಬನ್ನಿ, ಪ್ರಳಯದವರು ಬಂದ್ರು.”

ಅದು ಇವನಿಗೆ ಗುಂಪು ಇಟ್ಟ ಹೆಸರು. ಪ್ರಪಂಚ ಮುಗಿದುಹೋಗುವ ಚಿತ್ರಗಳನ್ನು ಬಿಟ್ಟರೆ ಬೇರೆ ಯಾವುದೂ ಇವನಿಗೆ ಪೂರ್ತಿ ಹಿಡಿಸುತ್ತಿರಲಿಲ್ಲ. ಅವುಗಳಲ್ಲೂ ಒಂದೇ ತಕರಾರು. ಉಲ್ಕೆ ಇನ್ನೇನು ಬಡಿಯಬೇಕು, ಊರು ಹೊತ್ತಿ ಉರಿಯುತ್ತಿದೆ, ಆಗ ನಾಯಕ ಹೆಂಡತಿಗೆ ಒಂದು ಮಾತು ಹೇಳಲು ಬೆಂಕಿ ದಾಟಿ ಓಡುತ್ತಾನೆ. ಭೂಮಿಯೇ ಇರುವುದಿಲ್ಲ, ಮಾತು ಯಾರಿಗೆ ಬೇಕು ಎಂದು ಇವನು ಪ್ರತಿ ಸಲ ನಗಿಸುತ್ತಿದ್ದ. ವಿಮೆಯವರು ತೊಡೆ ತಟ್ಟಿಕೊಂಡು ನಗುತ್ತಿದ್ದರು.

“ನಿಮಗೆ ದೆವ್ವಗಳ ಬೆಲೆ ಗೊತ್ತಿಲ್ಲ,” ಎಂದು ಹೆಡ್‌ಮಿಸ್ ಇವತ್ತೂ ಶುರುಮಾಡಿದರು. “ದೆವ್ವ ಅಂದ್ರೆ ಯಾರು? ಬಿಟ್ಟುಹೋಗೋಕೆ ಮನಸ್ಸಿಲ್ಲದವರು. ಬದುಕಿರೋರಿಗೆ ಅಷ್ಟು ಅಂಟು ಎಲ್ಲಿದೆ?”

ಡಾಕ್ಟರು ಒಳಕೋಣೆಯ ದೀಪ ಹಾಕಿದರು. ಆಟದ ಹೊತ್ತು.

ಆಟ ಅವರೇ ಕಟ್ಟಿಕೊಂಡದ್ದು. ಸರದಿ ಬಂದವರು ಹಲ್ಲು ಕೀಳಿಸಿಕೊಳ್ಳುವವರ ಕುರ್ಚಿಯಲ್ಲಿ ಕಾಲು ಚಾಚಿ ಒರಗಬೇಕು. ಡಾಕ್ಟರು ಪೆಡಲ್ ಒತ್ತಿ ಕುರ್ಚಿಯನ್ನು ಹಿಂದಕ್ಕೆ ಬಾಗಿಸುತ್ತಾರೆ, ತಲೆಯ ಮೇಲಿನ ದೀಪವನ್ನು ಮುಖಕ್ಕೆ ಬಿಡುತ್ತಾರೆ. ಆಮೇಲೆ ಹೆಸರು ಹೇಳದೆ ಒಂದು ಸಿನಿಮಾದ ಒಂದು ದೃಶ್ಯ ಹೇಳಬೇಕು. ಉಳಿದವರು ಅದು ಯಾವುದೆಂದು ಪತ್ತೆ ಮಾಡಬೇಕು. ಪ್ರಶ್ನೆ ಕೇಳಬಹುದು, ಕುರ್ಚಿಯಲ್ಲಿದ್ದವರು ಹೌದು ಅಥವಾ ಅಲ್ಲ ಎನ್ನಬೇಕು, ಅಷ್ಟೇ.

ವಿಮೆಯವರು ಮೊದಲು ಒರಗಿ, ಸಮುದ್ರ ಹಿಂದೆ ಸರಿದು ವಾಪಸು ಬರದೇ ಹೋದ ಊರಿನ ದೃಶ್ಯ ಹೇಳಿದರು. ಎರಡನೇ ವಾಕ್ಯಕ್ಕೆ ಸಿಕ್ಕಿಬಿದ್ದರು.

“ಪ್ರಳಯದವರೇ, ಬಾಯಿ ತೆಗೀರಿ,” ಎಂದರು ಡಾಕ್ಟರು. ಪ್ರತಿ ವಾರದ ಹಾಸ್ಯ ಅದು. ಪ್ರತಿ ವಾರದ ಹಾಗೆ ಎಲ್ಲರೂ ನಕ್ಕರು.

ದೀಪ ಕಣ್ಣಿಗೆ ಹೊಡೆಯಿತು. ಹೇಳಬೇಕೆಂದು ಬಂದಿದ್ದ ದೃಶ್ಯ ಬೇರೆ. ಅದು ತಲೆಯಿಂದ ಹಾರಿಹೋಗಿತ್ತು.

“ಒಂದು ಮನೆ,” ಎಂದ. “ಗಂಡ ಹೆಂಡತಿ, ಇಬ್ರೇ. ಹೆಂಡತಿ ದಿನಾ ಕೆಲಸದಿಂದ ಬಂದು ಆವತ್ತಿನದೆಲ್ಲ ಹೇಳ್ತಾಳೆ. ಗಂಡ ಹೂಂಗುಡ್ತಾನೆ. ಹೇಳ್ತಾಳೆ, ಹೂಂ ಅಂತಾನೆ. ಹೇಳ್ತಾಳೆ, ಹೂಂ ಅಂತಾನೆ. ವರ್ಷಗಟ್ಲೆ.”

“ನಿಧಾನದ ಸಿನಿಮಾ,” ಎಂದರು ವಿಮೆಯವರು.

“ಒಂದಿನ ಗಂಡ ಪೇಪರ್ ಓದ್ತಾ ಹೂಂ ಅಂತಾನೆ. ಅಷ್ಟರಲ್ಲಿ ಕರೆಂಟ್ ಹೋಗುತ್ತೆ. ಗುಂಯ್ ಅಂತಿದ್ದ ಫ್ರಿಜ್ ನಿಲ್ಲುತ್ತೆ. ಮನೇಲಿ ಒಂದು ಚೂರೂ ಸದ್ದಿಲ್ಲ. ತಲೆ ಎತ್ತಿ ನೋಡಿದ್ರೆ ಹೆಂಡತಿ ಎದುರಿಗೇ ಕೂತಿದಾಳೆ. ಬಾಯಿ ಮುಚ್ಕೊಂಡಿದೆ. ಅವಳು ಮಾತಾಡೋದು ಬಿಟ್ಟು ಎಷ್ಟೋ ದಿನ ಆಗಿದೆ. ಇಷ್ಟು ದಿನ ಅವನು ಹೂಂ ಅಂದಿದ್ದು ಫ್ರಿಜ್‌ಗೆ.”

ಹೆಡ್‌ಮಿಸ್ ಅವರ ಹೆಣಿಗೆ ಕಡ್ಡಿಗಳು ನಿಂತವು. ಈಗ ಯಾರಾದರೂ ಒಬ್ಬರು ಕೇಳುತ್ತಾರೆ, ಇದು ನಿಮ್ಮ ಮನೆಯದಲ್ವಾ ಎಂದು. ಹೌದು ಎನ್ನಲು ನಾಲಿಗೆ ಸಿದ್ಧವಾಗಿತ್ತು. ಆಟದ ನಿಯಮದಲ್ಲಿ ಅದಕ್ಕೆ ಅವಕಾಶವೂ ಇತ್ತು.

“ಆಹಾ,” ಎಂದರು ವಿಮೆಯವರು. “ನೋಡಿದೀನಿ ಇದನ್ನ.”

“ನೀವು ನೋಡಿದೀರಾ?”

“ಎಷ್ಟೋ ಹಿಂದೆ. ಗಂಡ ಮನುಷ್ಯನೇ ಅಲ್ಲ, ಯಂತ್ರ. ಒಂಟಿ ಹೆಂಗಸರಿಗೆ ಅಂತ ಕಂಪನಿಯವರು ಮಾಡಿ ಮಾರಿರೋದು. ಕೊನೇಲಿ ಹೆಂಡತಿ ಅದರ ಬೆನ್ನು ಬಿಚ್ತಾಳೆ, ಒಳಗೆ ಹೂಂ ಅನ್ನೋ ಒಂದು ಸಣ್ಣ ಪೆಟ್ಟಿಗೆ ಬಿಟ್ರೆ ಇನ್ನೇನೂ ಇರಲ್ಲ. ಯಂತ್ರ ತಾನೇ?”

“ಅಲ್ಲ,” ಎಂದ. ಧ್ವನಿ ಗಟ್ಟಿಯಾಗಿ ಬರಲಿಲ್ಲ.

“ಅದು ವಿಜ್ಞಾನದ ಸಿನಿಮಾನೇ ಅಲ್ಲ ರೀ,” ಎಂದರು ಹೆಡ್‌ಮಿಸ್. “ನಾನೂ ನೋಡಿದೀನಿ. ಗಂಡ ಸತ್ತುಹೋಗಿದಾನೆ, ಅವನಿಗೆ ಗೊತ್ತಾಗಿಲ್ಲ. ಪಾಪ, ಅವಳು ಆ ಮನೇಲಿ ಒಬ್ಬಳೇ ಇರೋದು. ಮೊದಮೊದಲು ಅವನ ಕುರ್ಚಿ ಕಡೆ ನೋಡಿ ಮಾತಾಡ್ತಿರ್ತಾಳೆ. ಆಮೇಲೆ ಅದೂ ಬೇಜಾರಾಗುತ್ತೆ. ಕೊನೇಲಿ ಬೀಗ ಹಾಕ್ಕೊಂಡು ಹೊರಟುಹೋಗ್ತಾಳೆ. ಒಳಗಿಂದ ಹೂಂ ಅಂತ ಕೇಳಿಸುತ್ತೆ.” ಹೆಣಿಗೆ ಮತ್ತೆ ಎತ್ತಿಕೊಂಡು, “ಸತ್ತಿದಾನೆ ಅಲ್ವಾ?” ಎಂದರು.

“ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೋ ಹಾಗಿಲ್ಲ,” ಎಂದರು ಡಾಕ್ಟರು. “ಹೌದು ಅನ್ನಿ, ಇಲ್ಲಾಂದ್ರೆ ಅಲ್ಲ ಅನ್ನಿ.”

ಅವನು ಕುರ್ಚಿಯಲ್ಲಿ ಎದ್ದು ಕೂರಲು ನೋಡಿದ. ಹಿಂದಕ್ಕೆ ಬಾಗಿದ ಆ ಕುರ್ಚಿಯಲ್ಲಿ ಏಳುವುದು ಸುಲಭವಿರಲಿಲ್ಲ. “ಇನ್ನೊಂದು ದೃಶ್ಯ ಇದೆ,” ಎಂದ. “ಅವಳು ಹೋಗ್ತೀನಿ ಅಂತಾಳೆ. ಒಂದು ಮಾತು ಹೇಳಿದ್ರೆ ಇರ್ತೀನಿ ಅಂತಾಳೆ. ಅವನು ಏನು ಹೇಳ್ಬೇಕು?”

ಹೇಳಬೇಕು ಎಂದಿದ್ದ, ಹೇಳುತ್ತಾನೆ ಎಂದಿರಲಿಲ್ಲ. ಯಾರಿಗೂ ಆ ವ್ಯತ್ಯಾಸ ಕೇಳಿಸಿದಂತೆ ಕಾಣಲಿಲ್ಲ.

“ಏನೂ ಹೇಳ್ಬಾರ್ದು,” ಎಂದರು ವಿಮೆಯವರು ತಕ್ಷಣ. “ಹೇಳಿದ್ರೆ ಸಿನಿಮಾ ಹಾಳು. ಅಳುಮುಂಜಿ ಕಥೆ ಆಗೋಗುತ್ತೆ.”

“ಈ ಸಲ ಇವರು ಸರಿಯಾಗಿ ಹೇಳಿದ್ರು ನೋಡಿ,” ಎಂದರು ಹೆಡ್‌ಮಿಸ್. ಗುಂಪು ಶುರುವಾದಾಗಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. “ಹೇಳಿದ ಕೂಡ್ಲೆ ರಬ್ಬರ್ ಕಾಣುತ್ತೆ.”

ಇಬ್ಬರೂ ತೃಪ್ತಿಯಿಂದ ಇವನ ಕಡೆ ನೋಡಿದರು. ಇವನು ಅವರಿಬ್ಬರನ್ನೂ ಒಂದು ಕ್ಷಣ ಮನಸಾರೆ ದ್ವೇಷಿಸಿದ. ಆಮೇಲೆ ಅವರ ತಪ್ಪೇನೂ ಇಲ್ಲವೆಂದು ಹೊಳೆಯಿತು. ಈ ಕುರ್ಚಿಯಲ್ಲಿ ಕೂತು ನಿಜ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಚಪ್ಪಲಿ ಹುಡುಕಿಕೊಂಡು, ತಲೆನೋವು ಎಂದು ಹೇಳಿ ಹೊರಟ.

ಡಾಕ್ಟರು ಮೆಟ್ಟಿಲವರೆಗೆ ಬಂದರು. ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದರು.

“ಅದು ಎಲ್ಲಿ ಸಿಗುತ್ತೆ?”

“ಯಾವುದು?”

“ಆ ಫ್ರಿಜ್ಜಿನ ಸಿನಿಮಾ. ನಮ್ಮನೆಯವಳಿಗೆ ತೋರಿಸ್ಬೇಕಿತ್ತು.”

“ಸಿಗಲ್ಲ,” ಎಂದ.

ಡಾಕ್ಟರು ಇನ್ನೇನೋ ಕೇಳುವವರಿದ್ದರು. ಕೇಳದೆ ಒಳಗೆ ಹೋದರು.

ಬೀದಿಯಲ್ಲಿ ಅಂಗಡಿಗಳ ಷಟರು ಇಳಿದಿತ್ತು. ಬಿಸಿಲು ಎದುರು ಕಟ್ಟಡದ ಮೇಲ್ಮಹಡಿಗೆ ಏರಿತ್ತು. ಎಲ್ಲೂ ಬೆಂಕಿ ಇರಲಿಲ್ಲ, ಯಾರೂ ಓಡುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಹಸಿರು ಬರಲೆಂದು ನಿಂತ. ನಿಂತು, ಹೇಳಬೇಕಾದ ಮಾತನ್ನು ಜೋಡಿಸಿದ. ‘ಹೋಗಬೇಡ’ ಎಂದರೆ ಅಪ್ಪಣೆ ಕೊಟ್ಟಂತಿತ್ತು. ‘ಇರು’ ಎಂದರೆ ಬಸ್ ಸ್ಟಾಪಿನಲ್ಲಿ ಯಾರಿಗೋ ಹೇಳಿದಂತೆ. ‘ನೀನು ಹೋದರೆ ನಾನು’ ಎಂದು ಶುರುಮಾಡಿ ನಿಲ್ಲಿಸಿದ. ಆ ವಾಕ್ಯವನ್ನು ಯಾವುದೋ ನಾಯಕ ಹೇಳಿದ್ದ, ಇವನು ನಕ್ಕಿದ್ದ. ಒಂದು ಲೆಕ್ಕ ಬಿಡಿಸಿದ ಹಾಗಲ್ಲ ಇದು. ಹಸಿರು ಬಂದು, ಮತ್ತೆ ಕೆಂಪಾಯಿತು.

ಮನೆ ಬಾಗಿಲು ತೆರೆದೇ ಇತ್ತು. ಅವಳು ಹಜಾರದಲ್ಲಿ ಕೂತಿದ್ದಳು, ಕಾಲ ಬಳಿ ಚೀಲ. ಮೇಜಿನ ಮೇಲೆ ಅವನ ಬಿ.ಪಿ. ಮಾತ್ರೆಗಳನ್ನು ಎರಡು ಡಬ್ಬಿಗಳಿಗೆ ಹಾಕಿ, ಒಂದರ ಮೇಲೆ ‘ಬೆಳಿಗ್ಗೆ’, ಇನ್ನೊಂದರ ಮೇಲೆ ‘ರಾತ್ರಿ’ ಎಂದು ಚೀಟಿ ಅಂಟಿಸಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾರಿಗೆ ಏನು ಮರೆಯುತ್ತದೆ ಎಂಬುದು ಗೊತ್ತು. ಅವನು ಎರಡೂ ಚೀಟಿಗಳನ್ನು ಓದಿದ.

ಎದುರಿನ ಕುರ್ಚಿಯಲ್ಲಿ ಕೂತ. ಅವಳು ಕೈಗಡಿಯಾರ ನೋಡಿಕೊಂಡು, ಅವನ ಮುಖ ನೋಡಿ, ಅವನಿಗೆ ಕಷ್ಟವಾಗುತ್ತಿದೆ ಎಂದುಕೊಂಡಳೋ ಏನೋ, ತಾನೇ ಮಾತಿಗೆ ತೊಡಗಿದಳು. ಎಷ್ಟು ಕಾಲದ ಮೇಲೆ.

“ಅಂಗಡಿಗೆ ಹೋಗಿ ಬೀಗದಕೈ ಕೊಟ್ಟು ಬಂದೆ.”

“ಹೂಂ.”

“ಅಲ್ಲಿಗೆ ಒಬ್ರು ಮುದುಕರು ಬರ್ತಾರೆ. ಹೆಂಡತಿಗೆ ಅಂತ ಕೆಮ್ಮಿನ ಔಷಧಿ ತಗೊಂಡು ಹೋಗ್ತಿದ್ರು. ಇವತ್ತೂ ಬಂದಿದ್ರು. ಹೇಗಿದಾರೆ ಅಂತ ಕೇಳಿದೆ. ತೀರ್ಕೊಂಡು ವರ್ಷ ಆಯ್ತು ಅಂದ್ರು.”

‘ನನಗೆ ಹೇಳೋಕೆ ಬರಲ್ಲ, ಆದರೂ’ ಎಂದು ಶುರುಮಾಡಿದರೆ ಹೇಗೆ? ಅದು ಸರಿಯಿತ್ತು. ಅದು ಯಾವ ಚಿತ್ರದಲ್ಲೂ ಇರಲಿಲ್ಲ. “ಹೂಂ,” ಎಂದ.

“ಮತ್ತೆ ಯಾಕೆ ತಗೊಂಡು ಹೋಗ್ತೀರಿ ಅಂದೆ. ‘ಕೆಮ್ಮು ಕೇಳ್ಸಲ್ಲಮ್ಮ ಈಗ, ನಿದ್ದೆ ಬರಲ್ಲ’ ಅಂದ್ರು. ಬಾಟಲಿ ಮಂಚದ ಪಕ್ಕ ಇಟ್ಕೊಂಡು ಮಲಗ್ತಾರಂತೆ.”

“ಹೂಂ.”

“ನಂಗೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಬಂತು.”

‘ನನಗೆ ಹೇಳೋಕೆ ಬರಲ್ಲ, ಆದರೂ ನೀನು ಇರಬೇಕು.’ ಆಯಿತು, ಕೂಡಿಬಂತು. ಕೊನೆಯ ಪದವನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಒರೆಗೆ ಹಚ್ಚಿ ನೋಡಿದ. ಅವಳ ಮಾತು ಮುಗಿದ ಕೂಡಲೇ ಹೇಳಿಬಿಡುವುದು. “ಹೂಂ,” ಎಂದ. ಸ್ವಲ್ಪ ಬಿಟ್ಟು ಮತ್ತೆ, “ಹೂಂ,” ಎಂದ.

ಮನೆಯಲ್ಲಿ ಸದ್ದಿರಲಿಲ್ಲ.

ತಲೆ ಎತ್ತಿದ. ಅವಳು ಇವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿತ್ತು. ಯಾವಾಗ ಮುಚ್ಚಿತೋ ಇವನಿಗೆ ತಿಳಿದಿರಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕಾಯಿಲೆ ಇದೇ ಎಂದು ಖಾತ್ರಿಯಾದವರ ಒಂದು ಬಗೆಯ ನಿರಾಳವಿತ್ತು.

“ಸರಿ,” ಎಂದು ಎದ್ದಳು. “ರಾತ್ರಿ ಮಾತ್ರೆ ಊಟ ಆದ್ಮೇಲೆ ತಗೊಳ್ಳಿ.”

ಚೀಲ ಎತ್ತಿಕೊಂಡು, ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಎಳೆದುಕೊಂಡಳು. ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದು ಇಳಿಯತೊಡಗಿತು. ಅವನು ಎದ್ದ. ಬಾಗಿಲಿನ ತನಕ ಹೋಗಿ ಚಿಲಕದ ಮೇಲೆ ಕೈಯಿಟ್ಟ. ಪಕ್ಕದಲ್ಲಿ ಆರಿದ ಟೀವಿಯ ಕಪ್ಪು ಪರದೆಯಲ್ಲಿ ಒಬ್ಬ ಮನುಷ್ಯ, ಡಾಕ್ಟರ ಕುರ್ಚಿಯಲ್ಲಿದ್ದವರ ಹಾಗೆ ಅಗಲಕ್ಕೆ ಬಾಯಿ ತೆರೆದು ನಿಂತಿದ್ದ.

ಕೆಳಗಿನ ತಿರುವಿನಲ್ಲಿ ಚಪ್ಪಲಿ ಸದ್ದು ನಿಂತಿತು. ಚೀಲ ಹಿಡಿದ ಕೈ ಬದಲಿಸುತ್ತಿದ್ದಳೋ, ಕಾಯುತ್ತಿದ್ದಳೋ. ಇಡೀ ಕಟ್ಟಡ ಉಸಿರು ಬಿಗಿಹಿಡಿದಿತ್ತು. ವಾಕ್ಯ ನಾಲಿಗೆಯ ತುದಿಯಲ್ಲಿತ್ತು, ಒಂದು ಪದವೂ ಆಚೀಚೆ ಆಗಿರಲಿಲ್ಲ.

ಅಡುಗೆಮನೆಯಲ್ಲಿ ಫ್ರಿಜ್ಜು ಒಮ್ಮೆ ನಡುಗಿ, ಗುಂಯ್ ಎನ್ನಲು ಶುರುಮಾಡಿತು.

“ಹೂಂ,” ಎಂದ ಅವನು.