ಬೇಕರಿ ಯಜಮಾನರ ಪುಣ್ಯ

ಬೇಕರಿ ಯಜಮಾನರಿಗೆ ಅಂದು ಹೃದಯದ ಆಪರೇಷನ್. ಸ್ಟ್ರೆಚರ್ ಬರುವವರೆಗೂ ಅವರು ಪಕ್ಕದಲ್ಲಿ ಕೂತಿದ್ದ ತಂಗಿಗೆ ತಮ್ಮ ಪುಣ್ಯದ ಕತೆ ಹೇಳುತ್ತಲೇ ಇದ್ದರು. ಅನಾಥಾಶ್ರಮಕ್ಕೆ ಬ್ರೆಡ್ಡು ಕಳಿಸಿದ್ದು, ಇದೇ ಆಸ್ಪತ್ರೆಗೆ ಲಿಫ್ಟ್ ಹಾಕಿಸಿಕೊಟ್ಟಿದ್ದು, ಒಂದನ್ನೂ ಬಿಡಲಿಲ್ಲ.

"ಹೆಚ್ಚುಕಮ್ಮಿ ಆದ್ರೂ ದೇವರು ನನ್ನನ್ನ ಬಾಗಿಲಲ್ಲಿ ನಿಲ್ಲಿಸೋ ಹಾಗಿಲ್ಲ ಬಿಡು."

"ಲಿಫ್ಟಲ್ಲೇ ಮೇಲಕ್ಕೆ ಹೋಗ್ತೀಯ ಅನ್ಸುತ್ತೆ ಅಣ್ಣ," ಎಂದಳು ತಂಗಿ. "ಆಶ್ರಮಕ್ಕೆ ಕಳಿಸಿದ್ದು ಮಾರಾಟವಾಗದೆ ಉಳಿದ ಬ್ರೆಡ್ಡು ಅನ್ನೋದನ್ನೂ ಅವನಿಗೆ ಹೇಳ್ಬಿಡು."

ಅಷ್ಟರಲ್ಲಿ ನರ್ಸ್ ಬಂದು ಉಂಗುರ, ಕನ್ನಡಕ, ಕೊನೆಗೆ ಕಟ್ಟಿಸಿದ ಹಲ್ಲನ್ನೂ ತೆಗೆಸಿ ತಂಗಿಯ ಕೈಗೆ ಕೊಟ್ಟಳು. ಮೈಮೇಲೆ ಬೆನ್ನಿಗೆ ಗಂಟು ಹಾಕುವ ತೆಳು ಅಂಗಿಯೊಂದೇ ಉಳಿಯಿತು. ಯಜಮಾನರ ಮುಖ ಸಪ್ಪಗಾಯಿತು.

"ಈಗ ದೇವರನ್ನ ಏನಂತ ಕೇಳ್ಲಿ?" ಎಂದರು ಬೊಚ್ಚು ಬಾಯಲ್ಲಿ.

"ಕಾಪಾಡಪ್ಪ ಅನ್ನು. ಅದಕ್ಕೆ ಹಲ್ಲು ಬೇಕಿಲ್ಲ."

ಅವರು ಕಣ್ಣು ಮುಚ್ಚಿ ಅಷ್ಟೇ ಅಂದರು. ಬೇರೇನೂ ಹೊಳೆಯಲಿಲ್ಲ, ಎದೆ ಮಾತ್ರ ಯಾಕೋ ಹಗುರಾಯಿತು.

ಮಾರನೆಯ ದಿನ ಎಚ್ಚರವಾದಾಗ ಅವರ ಮೊದಲ ಮಾತು, "ನನ್ನಷ್ಟು ನಂಬಿಕೆಯಿಂದ ಬೇಡ್ಕೊಂಡವರು ಯಾರೂ ಇರಲಿಕ್ಕಿಲ್ಲ ನೋಡು."

ತಂಗಿ ಕಣ್ಣೊರೆಸಿಕೊಂಡು ನಕ್ಕಳು. "ಶುರುವಾಯ್ತಪ್ಪ. ಅದನ್ನೂ ನಿನ್ನ ಪುಣ್ಯಕ್ಕೆ ಸೇರಿಸ್ಕೋಬೇಡ ಅಣ್ಣ. ಕಾಪಾಡಿದ್ದು ಅವನು."