ಖಾಲಿ ಹಾಳೆಯ ಮೇಲೆ ಹದ್ದು

ಮೂರನೇ ಮಾರ್ಗಸೂಚಿ ಬಂದ ಬೆಳಿಗ್ಗೆ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು. ಮೊದಲನೆಯದು ರೋಗಿಯ ಹತ್ತಿರ ಹೋಗುವವರಿಗೆ ಸಾದಾ ಮಾಸ್ಕ್ ಸಾಕು ಎಂದಿತ್ತು. ಎರಡನೆಯದು ಆ ಸಾದಾ ಮಾಸ್ಕನ್ನೇ ಎರಡೆರಡು ದಿನ ಹಾಕಿಕೊಳ್ಳಿ ಎಂದಿತ್ತು. ಈಗ ಈ ಹನ್ನೊಂದು ಪುಟದ ಮೂರನೆಯದು, ರೋಗಿಯ ಗಂಟಲಿಗೆ ಉಸಿರಾಟದ ನಳಿಕೆ ಹಾಕುವವರು ಎನ್-95 ಇಲ್ಲದೆ ಕೋಣೆಯೊಳಗೆ ಕಾಲಿಡಕೂಡದು ಎನ್ನುತ್ತಿತ್ತು. ಇಷ್ಟು ಹೇಳುವುದಕ್ಕೆ ಅವರಿಗೆ ಏಳು ವಾರ ಬೇಕಾಯಿತು. ಅಷ್ಟರಲ್ಲಿ ನನ್ನ ಮೂವರು ನರ್ಸುಗಳು ಕಾಯಿಲೆ ಹತ್ತಿಸಿಕೊಂಡು ಮಲಗಿದ್ದರು. ಅವರಲ್ಲಿ ಇಬ್ಬರು ನಳಿಕೆ ಹಾಕುವಾಗ ಡಾಕ್ಟರ ಪಕ್ಕದಲ್ಲಿ ನಿಂತವರು.

ನದಿ ಕಡಲು ಸೇರುವ ಡೆಲ್ಟಾದ ಈ ಊರಿನ ಜ್ವರದ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್. ಎದುರಿಗೆ ಮಿಸ್ ನಗಾತ್ ಅನ್ನುತ್ತಾರೆ, ಬೆನ್ನ ಹಿಂದೆ ಏನನ್ನುತ್ತಾರೋ ಕೇಳಲು ಪುರುಸೊತ್ತಿಲ್ಲ. ನಮ್ಮಲ್ಲಿ ಎನ್-95 ಇರಲಿಲ್ಲ ಎಂದಲ್ಲ. ಇನ್ನೂರು ಇದ್ದವು, ಕೆಳಗಿನ ಸ್ಟೋರಿನಲ್ಲಿ, ಹಾಜಿ ಅತ್ವಾ ಹಾಕಿದ ಬೀಗದ ಹಿಂದೆ. ಹಾಜಿ ಕೆಟ್ಟ ಮನುಷ್ಯನಲ್ಲ. ಆದರೆ ಹದ್ದಿನ ಮೊಹರಿಲ್ಲದ ಕಾಗದಕ್ಕೆ ಅವನು ಒಂದು ಹತ್ತಿಯುಂಡೆಯನ್ನೂ ಕೊಟ್ಟವನಲ್ಲ. ಸರ್ಕಾರದ ಹದ್ದು ರೆಕ್ಕೆ ಬಿಚ್ಚಿ ಕೂತರೆ ಮಾತ್ರ ಅದು ಕಾಗದ, ಇಲ್ಲದಿದ್ದರೆ ಕಡಲೆ ಕಟ್ಟಲು ಲಾಯಕ್ಕು. ಆ ಮೊಹರು ಕಚೇರಿಯ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಕೀಲಿ, ಎಲ್ಲರೂ ಗೌರವದಿಂದ ಉಸ್ತಾಜ್ ಎನ್ನುವ ಗುಮಾಸ್ತ ವಗ್ದಿಯವರ ಕೊರಳಲ್ಲಿತ್ತು, ಮೂವತ್ತೊಂದು ವರ್ಷದಿಂದ. ಆ ಉಸ್ತಾಜ್ ವಗ್ದಿ ನನ್ನ ವಾರ್ಡಿನ ನಾಲ್ಕನೇ ಕೋಣೆಯಲ್ಲಿ ಮಲಗಿ ಏದುಸಿರು ಬಿಡುತ್ತಿದ್ದರು.

ಅವರ ಆಮ್ಲಜನಕ ಎಂಬತ್ತೆರಡಕ್ಕೆ ಇಳಿದಿತ್ತು. ಅರಿವಳಿಕೆಯ ಡಾಕ್ಟರ್ ಬೀಷೋಯ್ ಗಾಜಿನ ಆಚೆ ನಿಂತು, ಎರಡು ಗಂಟೆಯೊಳಗೆ ನಳಿಕೆ ಹಾಕದಿದ್ದರೆ ಕೈಮೀರುತ್ತದೆ ಎಂದ. ಸಾದಾ ಮಾಸ್ಕಿನಲ್ಲೇ ಒಳಗೆ ಹೋಗುತ್ತೇನೆ ಅಂತಲೂ ಅಂದ. ಇಪ್ಪತ್ತೊಂಬತ್ತು ವಯಸ್ಸು, ಹೆಂಡತಿ ಬಸುರಿ, ನಮ್ಮಲ್ಲಿ ನಳಿಕೆ ಹಾಕಬಲ್ಲವನು ಅವನೊಬ್ಬನೇ. ನೀನೂ ಮಲಗಿದರೆ ನಾಳೆ ಯಾರನ್ನು ಕರೆಯಲಿ ಎಂದು ಗದರಿಸಿ ನಿಲ್ಲಿಸಿದೆ. ಮಾಸ್ಕು ಕೊಡಿ ಎಂಬ ಪತ್ರ ಬರೆಸಿ ನಿರ್ದೇಶಕರ ಸಹಿ ಮಾಡಿಸಿ, ಅದನ್ನು ಹಿಡಿದು ನಾಲ್ಕನೇ ಕೋಣೆಗೆ ಹೋದೆ. ನನ್ನ ಮುಖದ ಮೇಲಿದ್ದದ್ದು ಎರಡನೇ ಮಾರ್ಗಸೂಚಿಯ ಮಾಸ್ಕು, ಎರಡನೇ ದಿನದ್ದು.

ಕೀಲಿ ಕೇಳಿದೆ. ಉಸ್ತಾಜ್ ಕೊರಳನ್ನು ಮುಚ್ಚಿಕೊಂಡರು.

"ಮೂರು ಜನರ ಸಮಿತಿ ಆಗ್ಬೇಕು, ಮಿಸ್. ಕೊಟ್ಟೋರು, ತಗೊಂಡೋರು, ನೋಡಿದೋರು."

"ನಿಮ್ಗೆ ಉಸಿರಾಡಕ್ಕೇ ಆಗ್ತಿಲ್ಲ, ಸಮಿತಿ ಎಲ್ಲಿಂದ ತರ್ಲಿ ಉಸ್ತಾಜ್?"

ಅವರು ಕಣ್ಣು ಮುಚ್ಚಿ ಉಸಿರು ಕೂಡಿಸಿಕೊಂಡರು. ಆ ಕೀಲಿಯನ್ನು ಕಿತ್ತುಕೊಂಡೇ ಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅವರೇ ದಾರಿ ಹೇಳಿದರು. ಡಾಕ್ಟರು ಪೆಟ್ಟಿಗೆ ತೆಗೆಯಲಿ, ತೆಗೆಯುವುದನ್ನು ಫೋನಿನಲ್ಲಿ ತನಗೆ ತೋರಿಸಲಿ, ಮೊಹರು ಇಲ್ಲಿಗೆ ಬರಲಿ, ಒತ್ತುವುದು ಮಾತ್ರ ತನ್ನ ಕೈಯಿಂದಲೇ. ಕೀಲಿಯನ್ನು ಕ್ಲೋರಿನ್ ನೀರಿನಲ್ಲಿ ಅದ್ದಿ ಹೊರಗೆ ಕಳಿಸಿದೆ. ರೋಗಿಯ ಜೀವ ಉಳಿಸಲು ಓದಿದ ಬೀಷೋಯ್ ಕಚೇರಿಯಲ್ಲಿ ಮಂಡಿಯೂರಿ ಪೆಟ್ಟಿಗೆಯ ಬೀಗ ತಿರುಗಿಸುತ್ತಿದ್ದ. ನಾನು ಫೋನು ಹಿಡಿದು ನಿಂತಿದ್ದೆ. ಉಸ್ತಾಜ್ ಆಮ್ಲಜನಕದ ಮುಸುಕಿನೊಳಗಿಂದ, ಎಡಗಡೆ ತಿರುಗಿಸು, ಎಡಗಡೆ, ಅನ್ನುತ್ತಿದ್ದರು. ಆಮ್ಲಜನಕ ಎಪ್ಪತ್ತೊಂಬತ್ತಕ್ಕೆ ಇಳಿದಿತ್ತು.

ಮೊಹರು ಬಂತು. ಅವರು ಪತ್ರವನ್ನು ಮೇಲಿಂದ ಕೆಳಗೆ ಓದಿದರು. ಓದಿ, ಹೊರಹೋಗುವ ಪತ್ರದ ಸಂಖ್ಯೆ ಬರೆದಿಲ್ಲ ಎಂದರು. ನಾನು ಪೆನ್ನು ತೆಗೆದೆ. ನಾನೂರ ಹದಿನೇಳು ಅಂತ ಬರೀರಿ ಎಂದರು. ಇಷ್ಟು ಜ್ವರದಲ್ಲೂ ಮನುಷ್ಯನಿಗೆ ಅದು ನೆನಪಿತ್ತು. ಬರೆದೆ. ಒತ್ತಿದರು.

ಆಮೇಲೆ ಇನ್ನೊಂದು ಪೀಡೆ. ಮೂರನೇ ಮಾರ್ಗಸೂಚಿಯ ಒಂಬತ್ತನೇ ಪುಟದ ಪ್ರಕಾರ ರೋಗಿ ಮುಟ್ಟಿದ ಕಾಗದ ಕೋಣೆಯಿಂದ ಹೊರಗೆ ಹೋಗುವಂತಿಲ್ಲ. ಮೂರು ದಿನ ಬಿಟ್ಟು ನಾಲ್ಕನೆಯದು ಬಂದು, ಕಾಗದದಿಂದ ಏನೂ ಹರಡುವುದಿಲ್ಲ, ಚಿಂತೆ ಬೇಡ ಎಂದಿತು. ಅವತ್ತು ನಮಗೆ ಅದು ಗೊತ್ತಿರಲಿಲ್ಲ. ಹಾಜಿ ಅತ್ವಾನನ್ನು ಮೇಲಕ್ಕೆ ಕರೆಸಿ ಪತ್ರವನ್ನು ಒಳಗಿನಿಂದ ಗಾಜಿಗೆ ಒತ್ತಿ ಹಿಡಿದೆ. ಅವನು ಕನ್ನಡಕ ಏರಿಸಿ ಓದಿದ, ಹದ್ದನ್ನು ನೋಡಿದ, ಅಸಲು ಪ್ರತಿ ಇಲ್ಲದೆ ಫೈಲಿಗೆ ಏನು ಸೇರಿಸಲಿ ಎಂದ.

"ಹಾಜಿ, ಇದು ವಗ್ದಿಯವ್ರು ಒತ್ತಿದ್ದು. ಮೂವತ್ತೊಂದು ವರ್ಷ ಆ ಕೈ ನಂಬಿ ಸಾಮಾನು ಕೊಟ್ಟಿದೀರಿ. ಇವತ್ತು ಸಾಮಾನು ಬೇಕಾಗಿರೋದು ಅವ್ರಿಗೇ."

ಹಾಜಿ ಗಾಜಿನಾಚೆಯಿಂದ ಹಾಸಿಗೆಯ ಕಡೆ ನೋಡಿದ. ಉಸ್ತಾಜ್ ಹೌದು ಎಂಬಂತೆ ಎರಡು ಬೆರಳು ಎತ್ತಿದರು. ಹಾಜಿ ಕೆಳಗೆ ಓಡಿದ. ಮಂಡಿ ನೋವಿನ ಹಾಜಿ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾಸ್ಕು ಬರುವಷ್ಟರಲ್ಲಿ ಉಸ್ತಾಜ್ ನನ್ನ ತೋಳು ಹಿಡಿದರು. ಇನ್ನೊಂದು ಹಾಳೆ ಬೇಕು, ಖಾಲಿಯದು ಎಂದರು. ಖಾಲಿ ಹಾಳೆಗೆ ಮೊಹರು ಒತ್ತಿಕೊಡಿ ಎಂದ ಹಿಂದಿನ ನಿರ್ದೇಶಕರ ಜೊತೆ ಒಂದು ತಿಂಗಳು ಮಾತು ಬಿಟ್ಟ ಮನುಷ್ಯ ಅವರು. ಹಾಳೆ ಕೊಟ್ಟೆ. ಕೆಳಗಿನ ಮೂಲೆಯಲ್ಲಿ, ಬರೆಯಲು ಜಾಗ ಬಿಟ್ಟು, ಹದ್ದನ್ನು ಒತ್ತಿದರು.

"ನಾನು ಹೋದ್ರೆ ಹೆಣ ಬಿಡೋ ಕಾಗದಕ್ಕೆ ಮೊಹರು ಒತ್ತೋರು ಯಾರೂ ಇರಲ್ಲ, ಮಿಸ್. ಮಕ್ಕಳು ಬಿಸಿಲಲ್ಲಿ ಗೇಟ್ ಹತ್ರ ಕಾಯ್ಬಾರ್ದು."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಒಂಬತ್ತನೇ ಪುಟ ಏನೇ ಹೇಳಲಿ, ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಒರೆಸಿ ಕಿಸೆಯಲ್ಲಿಟ್ಟುಕೊಂಡೆ. ಬೀಷೋಯ್ ಎನ್-95 ಬಿಗಿದುಕೊಂಡು, ನನಗೂ ಒಂದು ಹಿಡಿದು ಒಳಗೆ ಬಂದ. ನಳಿಕೆ ಒಂದೇ ಸಲಕ್ಕೆ ಇಳಿಯಿತು.

ಮೊಹರನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕಚೇರಿಗೆ ಕಳಿಸಿದೆವು. ಹೊಸ ಗುಮಾಸ್ತ ಅದನ್ನು ಮುಟ್ಟಲು ಮೂವರ ಸಮಿತಿ ಆಗಬೇಕಾಯಿತು. ಅದಕ್ಕೆ ಎಂಟು ದಿನ ಹಿಡಿಯಿತು. ಆ ಎಂಟು ದಿನ ಕಾಗದಕ್ಕೆ ಮೊಹರಿಲ್ಲದೆ ವಾಸಿಯಾದವರೂ ಮನೆಗೆ ಹೋಗಲಾರದೆ ವಾರ್ಡಿನಲ್ಲೇ ಕೂತು ನನ್ನ ತಲೆ ತಿಂದರು. ಉಸ್ತಾಜರ ನಳಿಕೆ ಇದ್ದದ್ದು ಹತ್ತೊಂಬತ್ತು ದಿನ. ಅವರ ಯಂತ್ರ ಕೂಗಿದಾಗಲೆಲ್ಲ ನನ್ನ ಕೈ ಮೊದಲು ಕಿಸೆಗೆ ಹೋಗುತ್ತಿತ್ತು, ಆಮೇಲೆ ಯಂತ್ರಕ್ಕೆ. ಆ ಹಾಳೆಯನ್ನು ಹರಿದು ಬಿಸಾಡಲು ಎಷ್ಟು ಸಲ ಹೊರಟೆನೋ. ಆಗಲಿಲ್ಲ.

ಜೂನಿನಲ್ಲಿ ಅವರು ಮಗನ ಕೈ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ಕೂತರು. ಅಂಗಿಯೊಳಗೆ ಮನುಷ್ಯ ಅರ್ಧ ಉಳಿದಿದ್ದರು. ಏನಾದರೂ ಹೇಳಿಯಾರು ಎಂದು ಕಾದೆ. ಆ ಹಾಳೆ ಎಲ್ಲಿ ಎಂದು ಕೇಳಿದರು.

ಕಿಸೆಯಿಂದ ತೆಗೆದು ಕೊಟ್ಟೆ. ಅವರು ಎರಡೂ ಬದಿ ನೋಡಿ, ಯಾರೂ ಏನೂ ಬರೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನದೇ ಪೆನ್ನು ತೆಗೆದುಕೊಂಡು ಹಾಳೆಯ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಗೆರೆಯ ಮೇಲೆ ರದ್ದು ಎಂದು ಬರೆದು ಸಹಿ ಹಾಕಿದರು. ತಾರೀಖು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಇವತ್ತು ಎಷ್ಟನೇ ತಾರೀಖು ಎಂದು ನನ್ನನ್ನು ಕೇಳಿದರು.

ಹೇಳಿದೆ. ಬರೆದುಕೊಂಡರು.